ನನ್ನ ಕಾರು ಒಣಗಲಿಲ್ಲ

ಕೆಲಸ ಬೇಗ ಮುಗಿಯಲಿ ಎಂದು ಯಂತ್ರ ತಂದು, ಆ ಯಂತ್ರದ ನೆರವಿನಿಂದಲೇ ಕೆಲಸವನ್ನು ಮುಗಿಯದಂತೆ ಮಾಡಬಲ್ಲ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲವಾದರೆ ಕೊಳ್ಳೇಗಾಲಕ್ಕೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕಣ್ಣು ಕುಕ್ಕುವ ಹಾಗೆ ಮಿಂಚುವ ಕಾರುಗಳು ಯಾವ ಕಡೆಯಿಂದ ಬರುತ್ತಿವೆಯೋ ಆ ಕಡೆಗೆ ನಡೆಯಿರಿ. ಒಂದು ಮನೆ, ಮನೆಯ ಮುಂದೊಂದು ಶೆಡ್ಡು, ಶೆಡ್ಡಿನೊಳಗೆ ಗರ್ಭಗುಡಿಯ ಬಾಗಿಲಲ್ಲಿ ನಿಂತ ಪೂಜಾರಿಯ ಗಾಂಭೀರ್ಯದಿಂದ ನಿಂತ ಒಬ್ಬ ವ್ಯಕ್ತಿ. ಆತ ನನ್ನ ಹೆಂಡತಿಯ ತಮ್ಮ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ, ದೂರು ಕೊಡುತ್ತಿದ್ದೇನೆ!

ಕಾರಿಗೆ ಸೆರಾಮಿಕ್ ಕೋಟಿಂಗ್ ಹಾಕುವುದು ಅವನ ಕಸುಬು. ತಿಳಿಯದವರಿಗೆ ಹೇಳುತ್ತೇನೆ: ಕಾರನ್ನು ತೊಳೆದು, ಉಜ್ಜಿ, ಪಾಲಿಶ್ ಮಾಡಿ, ಅದರ ಮೈಗೆ ಒಂದು ದ್ರವ ಸವರುತ್ತಾರೆ. ಅದು ಒಣಗಿ ಗಾಜಿನಂತೆ ಗಟ್ಟಿಯಾಗಿ ಕೂತರೆ ಮಳೆ, ಧೂಳು, ಕಾಗೆಯ ಹಿಕ್ಕೆ ಯಾವುದಕ್ಕೂ ಕಾರು ಜಗ್ಗುವುದಿಲ್ಲವಂತೆ. ಆದರೆ ತಾನಾಗಿ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಅಷ್ಟು ಸಂಯಮ ಈಗ ಯಾರಿಗಿದೆ? ಅದಕ್ಕೇ ಕ್ಯೂರಿಂಗ್ ಲ್ಯಾಂಪು. ಚಕ್ರದ ಸ್ಟ್ಯಾಂಡಿನ ಮೇಲೆ ಕೆಂಪಗೆ ಕಾಯುವ ಉದ್ದನೆಯ ದೀಪಗಳು. ಬಾನೆಟ್ಟಿನೆದುರು ಸ್ವಲ್ಪ ಹೊತ್ತು, ಬಾಗಿಲಿನೆದುರು ಸ್ವಲ್ಪ ಹೊತ್ತು ನಿಲ್ಲಿಸಿದರೆ ದಿನಗಳ ಕೆಲಸ ಗಂಟೆಗಳಲ್ಲಿ ಆಗಿಬಿಡುತ್ತದೆ.

ಬೇಸಗೆಯಲ್ಲಿ ಡಾಂಬರು ಚಪ್ಪಲಿಗೆ ಅಂಟುವ ಊರಿಗೆ, ಕಾಸು ಕೊಟ್ಟು ಶಾಖ ತರಿಸಿದ ಮಹಾನುಭಾವ ಇವನು! ದೀಪ ಬಂದ ದಿನ ಅದಕ್ಕೆ ವಿಭೂತಿ ಬಳಿದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ನಾನು ಬಾಯಿ ಮುಚ್ಚಿಕೊಂಡು ಪ್ರಸಾದ ತಿನ್ನಬೇಕಿತ್ತು. ತಿನ್ನಲಿಲ್ಲ.

“ಲೇ, ಕಾರನ್ನ ಹೊರಕ್ಕೆ ತಳ್ಳಿದ್ರೆ ಬಿಸಿಲು ಬಿಟ್ಟಿ ಸಿಗಲ್ವೇನೋ?” ಅಂದೆ.

ಅವನಿಗೆ ನಿಜವಾಗಿ ನೋವಾಯಿತು. “ಸೂರ್ಯಂಗೆ ಅಳತೆ ಗೊತ್ತಿಲ್ಲ ಭಾವ. ಒಂದ್ ಕಡೆ ಕಾಯಿಸ್ತಾನೆ, ಒಂದ್ ಕಡೆ ಬುಟ್ಬುಡ್ತಾನೆ. ಮೋಡ ಬಂದ್ರೆ ಕೆಲ್ಸನೇ ಬುಟ್ಟು ಓಯ್ತಾನೆ. ಇವ್ರು ಅಂಗಲ್ಲ.”

ದೀಪಕ್ಕೆ ‘ಇವ್ರು’ ಎಂಬ ಬಹುವಚನ! ನನ್ನ ಬಗ್ಗೆ ಗಿರಾಕಿಗಳ ಮುಂದೆ ಹೇಳುವಾಗ ಮಾತ್ರ, ‘ಅದಾ? ಅದು ನಮ್ ಭಾವ.’

ಒಂದು ಮೋಡದ ದಿನ ಎದುರು ಮನೆಯ ಹೆಂಗಸು, ಮಗ್ಗದ ಮನೆಯವರು, ಒಂದು ಮೊರದ ತುಂಬ ಸಂಡಿಗೆ ಹೊತ್ತು ಶೆಡ್ಡಿಗೆ ಬಂದರು.

“ಅಕ್ಕ, ಇದು ಕಾರಿನ ಲ್ಯಾಂಪು!”

“ನಂಗೂ ಕಣ್ಣದೆ ಕಣಪ್ಪ. ನನ್ ಸಂಡಿಗೆ ಏನ್ ನಿನ್ ಕಾರಿಗಿಂತ ಕಡಿಮೆಯಾ?”

ಸುಮ್ಮನೆ ಆಗುವುದಿಲ್ಲ ಎಂದರೆ ಮುಗಿಯುತ್ತಿತ್ತು. ಇವನು ಶಾಖದಲ್ಲಿ ಎಷ್ಟು ಬಗೆ, ಯಾವ ಶಾಖ ಒಳಗಿನಿಂದ ಒಣಗಿಸುತ್ತದೆ, ಯಾವುದು ಮೇಲೆ ಮೇಲೆ ಒಣಗಿಸಿ ಮೋಸ ಮಾಡುತ್ತದೆ ಎಂದು ರಸ್ತೆಯಲ್ಲೇ ನಿಂತು ಉಪನ್ಯಾಸ ಶುರು ಮಾಡಿದ. ಆಕೆ ಪಾಪ ಮೊರ ಹಿಡಿದು ಕೇಳಿದರು. ಅಷ್ಟರಲ್ಲಿ ಮೋಡ ಚದುರಿತು, ಬಿಸಿಲು ಬಂತು, ಉಪನ್ಯಾಸ ಮುಗಿಯುವ ಹೊತ್ತಿಗೆ ಸಂಡಿಗೆ ಕೈಯಲ್ಲೇ ಗರಿಗರಿ ಒಣಗಿತ್ತು!

ಇಂಥವನ ಕೈಗೆ ನನ್ನ ಕಾರು ಸಿಕ್ಕಿತು.

ಅದು ಮೂಲತಃ ನನ್ನ ಮಾವನವರ ಕಾರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಭಾವಮೈದನೇ ಯಳಂದೂರಿನ ನಮ್ಮ ಮನೆಗೆ ಬಂದು ಕೀಲಿಯನ್ನು ನನ್ನ ಕೈಗಿಟ್ಟಿದ್ದ. ‘ನನ್ ಶೆಡ್ನಾಗೆ ಕಾರಿಗೇನ್ ಬರ ಭಾವ, ನೀವೇ ಓಡುಸ್ಕಳಿ’ ಅಂದಿದ್ದ. ಓಡಿಸಿದೆ. ಈಗ ಹೊಸ ಕಾರು ಬುಕ್ ಮಾಡಿದ್ದೇನೆ. ನಮ್ಮ ಮನೆಯ ಮುಂದೆ ಒಂದೇ ಕಾರಿಗೆ ಜಾಗ. ಹನೂರಿನ ಅರಿಶಿನದ ವ್ಯಾಪಾರಿಯೊಬ್ಬರು ಹಳೆಯದನ್ನು ಕೊಳ್ಳಲು ಒಪ್ಪಿದರು. ಮಾತು ಕೊಟ್ಟೆ. ಆಗ ಭಾವಮೈದ ಫೋನ್ ಮಾಡಿದ: “ಮಾರ್ಕಳಿ ಭಾವ, ನಿಮ್ದು. ಆದ್ರೆ ಅಪ್ಪನ್ ಕಾರು ಮಂಕಾಗಿ ಇನ್ನೊಬ್ರ ಮನೆಗೆ ಓಗ್‌ಬಾರ್ದು. ಒಂದ್ ದಿನ ತಂದ್ ಬುಡಿ.”

ಒಂದು ದಿನ! ಮರುದಿನ ಕೇಳಿದರೆ ಕರೆಂಟು ಹೋಗಿತ್ತು. ಆಮೇಲೆ ಗಾಳಿಯಲ್ಲಿ ತೇವ ಜಾಸ್ತಿಯಾಯಿತು. ಆಮೇಲೆ ಬಾನೆಟ್ಟಿನ ಮೇಲೆ ಒಂದು ನೊಣ ಕೂತು ಎದ್ದು ಹೋಯಿತು, ಆದ್ದರಿಂದ ಮೊದಲಿನಿಂದ ಮತ್ತೆ! ಖುದ್ದು ಹೋಗಿ ನೋಡಿದೆ. ಮುಟ್ಟಲು ಕೈ ಚಾಚಿದರೆ, “ಭಾವ! ಉಸ್ರು ಬುಡ್ಬ್ಯಾಡಿ!” ಎಂದು ಚೀರಿದ. ಉಸಿರು ಹಿಡಿದುಕೊಂಡೇ ಚಹಾ ಕುಡಿಯುತ್ತ ಕೂತೆ. ನನ್ನ ಕಣ್ಣೆದುರೇ ಒಬ್ಬ ಡಾಕ್ಟರ ಕಾರು ದೀಪದ ಕೆಳಗೆ ನಿಂತು, ಒಣಗಿ, ಮಿಂಚುತ್ತ ಹೊರಟೇ ಹೋಯಿತು.

“ಅದು ಹೇಗೆ ಒಣಗಿತು?”

“ಅದು ಹೊಸಾ ಕಾರು ಭಾವ. ಹಳೇ ಬಣ್ಣ ಲೇಟಾಗಿ ಕುಡೀತದೆ.”

ಇದು ವಿಜ್ಞಾನವೇ? ಹೆಂಡತಿಗೆ ದೂರು ಕೊಟ್ಟರೆ, “ನನ್ ತಮ್ಮನ ಕೆಲ್ಸ ಅಚ್ಚುಕಟ್ಟು, ನಿಮ್ಮಂಗೆ ಅರೆಬರೆ ಮಾಡಲ್ಲ” ಎಂದು ತೀರ್ಪಾಯಿತು. ಅತ್ತ ಹನೂರಿನವರು ಬಿಡಬೇಕಲ್ಲ! ವಾರಗಳು ಉರುಳಿದವು, ಅವರ ಸ್ವರ ಏರಿತು.

“ಸಾ, ಒಣಗ್ತಾ?”

“ಇನ್ನು ಸ್ವಲ್ಪ...”

“ಏನ್ ಸಾ ಇದು! ನಾವು ಅರಿಶ್ಣ ಬೇಯ್ಸಿ ಕಣದಾಗ್ ಒಣಗಾಕುದ್ರೂ ಇಷ್ಟೊತ್ಗೆ ಮೂಟೆ ಕಟ್ತಿದ್ವಿ. ನಿಮ್ ಕಾರು ಏನ್ ಬಾವೀಗ್ ಬಿದ್ದಿತ್ತಾ?”

ಈ ವಯಸ್ಸಿನಲ್ಲಿ, ಒಬ್ಬ ಗೌರವಸ್ಥ ಕೇಳಿಸಿಕೊಳ್ಳುವ ಮಾತೇ ಇದು? ಮರುದಿನ ಮಧ್ಯಾಹ್ನ, ಸುಳಿವು ಕೊಡದೆ ಕೊಳ್ಳೇಗಾಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಸಭ್ಯತೆಯ ಕ್ರಮದಲ್ಲಿ ಜೋಡಿಸಿಕೊಂಡೆ. ಕೊನೆಯದನ್ನು ಇಲ್ಲಿ ಬರೆಯುವಂತಿಲ್ಲ.

ಶೆಡ್ಡಿನ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳನುಗ್ಗಿದೆ. ದೀಪ ಆರಿತ್ತು, ಅದರ ವೈರು ಸುತ್ತಿಟ್ಟ ರೀತಿ ನೋಡಿದರೆ ನನ್ನ ಕಾರಿನ ಹತ್ತಿರ ಅದು ಸುಳಿದೇ ಬಹಳ ದಿನವಾಗಿದ್ದಂತಿತ್ತು. ಕಾರಂತೂ ಒಣಗಿ, ಕನ್ನಡಿಯಾಗಿ ನಿಂತಿತ್ತು! ನನ್ನ ಮುಖದ ಸಿಟ್ಟೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲನೆಯ ಬೈಗುಳಕ್ಕೆ ಬಾಯಿ ತೆರೆದೆ.

ಮುಂದಿನ ಎಡಗಡೆಯ ಸೀಟಿನಲ್ಲಿ ನನ್ನ ಅತ್ತೆ ಕೂತಿದ್ದರು. ಮಡಿಲಲ್ಲಿ ಸ್ಟೀಲಿನ ಡಬ್ಬಿ. ಮೊಸರನ್ನ ಉಣ್ಣುತ್ತಿದ್ದರು. ಕಿಟಕಿಯ ಹೊರಗೆ ಭಾವಮೈದ ನೀರಿನ ಚೊಂಬು ಹಿಡಿದು ನಿಂತಿದ್ದ. ನನ್ನನ್ನು ಕಂಡವನೇ ಚೊಂಬು ಕೆಳಗಿಟ್ಟು, ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದ.

“ಅಪ್ಪ ಓದ್ಮೇಲೆ ಅವ್ವ ನೆಟ್ಟಗೆ ಉಣ್ತಾನೇ ಇರ್ಲಿಲ್ಲ ಭಾವ. ತಟ್ಟೆ ಮುಂದೆ ಕೂತು ಕೂತು ಎದ್ದೋಗೋಳು. ಅಕ್ಕಂಗೂ ಏಳಿರ್ಲಿಲ್ಲ ನಾನು. ನೀವು ಕಾರ್ ತಂದ್ ಬುಟ್ಟ ದಿನ, ಸುಮ್ನೆ ಕೂತ್ಕತೀನಿ ಅಂತ ಕಾರ್ ಅತ್ತುದ್ಲು. ಅಲ್ಲೇ ಊಟ ತರಿಸ್ಕಂಡು ಉಂಡ್ಳು. ಡಬ್ಬಿ ಖಾಲಿ! ಆವತ್ತಿಂದ ದಿನಾ ಇಲ್ಲೇ.”

ಮಾವನವರು ರೇಷ್ಮೆ ಗೂಡಿನ ವ್ಯಾಪಾರಿ. ಇದೇ ಕಾರಿನಲ್ಲಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸತ್ತೇಗಾಲ, ಹೊನ್ನೂರು ಎಂದು ಸುತ್ತುತ್ತಿದ್ದರು. ಮಧ್ಯಾಹ್ನವಾದರೆ ಎಲ್ಲಾದರೂ ಹೊಂಗೆಯ ನೆರಳಲ್ಲಿ ಕಾರು ನಿಲ್ಲಿಸಿ, ಇಬ್ಬರೂ ಒಳಗೇ ಕೂತು ಬುತ್ತಿ ಬಿಚ್ಚುತ್ತಿದ್ದರು.

“ಒಂದು ಮಾತು ಕೇಳೋದಲ್ವೇನಯ್ಯಾ?” ಎಂದೆ. ಸ್ವರ ಏರಿಸಲು ನೋಡಿದೆ, ಏರಲಿಲ್ಲ.

“ಕೀ ಕೊಟ್ಟೋನು ನಾನೇ ಅಲ್ವಾ. ಯಾವ್ ಮುಖ ಇಟ್ಕಂಡು ಕೇಳ್ಲಿ?”

ಅಷ್ಟರಲ್ಲಿ ಕಾರಿನೊಳಗಿಂದ ಕೂಗು ಬಂತು: “ಯಾರ್ಲಾ ಅದು? ಅಳಿಯಂದ್ರಾ? ಬನ್ನಿ ಬನ್ನಿ. ಇನ್ನೂ ಒಣಗಿಲ್ವಂತೆ ನಿಮ್ ಕಾರು. ಇದು ಒಣಗೋ ಒತ್ಗೆ ನಿಮ್ಮತ್ತೇನೇ ಒಣಗಿ ಸೌದೆ ಆಗಿರ್ತಾಳೆ!”

ಡ್ರೈವರ್ ಕಡೆಯ ಬಾಗಿಲಿಗೆ ಕೈಯಿಟ್ಟೆ. “ಅಲ್ಲಿ ಬ್ಯಾಡ,” ಎಂದರು ಮೆಲ್ಲಗೆ, “ಹಿಂದ್ಗಡೆ ಕೂತ್ಕಳಿ.”

ಹಿಂದೆ ಕೂತೆ. ಡಬ್ಬಿಯ ಮುಚ್ಚಳದಲ್ಲಿ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ ಹಿಂದಕ್ಕೆ ಬಂತು. ಎರಡು ತುತ್ತು ತಿನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಹನೂರು.

“ಒಣಗಿದೆ, ಸ್ವಾಮಿ,” ಎಂದೆ. “ಆದರೆ ಕಾರು ಮಾರೋದಿಲ್ಲ. ಮನೆಯವರಿಗೇ ಬೇಕಾಗಿದೆ. ತಪ್ಪು ತಿಳೀಬೇಡಿ.”

ತಿಳಿಯದೆ ಇರುತ್ತಾರೆಯೇ? ನಾನು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಅವರ ಬಾಯಿಂದ, ಸಭ್ಯತೆಯ ಕ್ರಮವಿಲ್ಲದೆ ಒಟ್ಟಿಗೇ ಬಂತು. ನ್ಯಾಯವಾದ ಬೈಗುಳ. ಮೊಸರನ್ನ ನುಂಗುತ್ತ ಪೂರ್ತಿ ಕೇಳಿಸಿಕೊಂಡೆ. ಕಿಟಕಿಯಾಚೆ ಭಾವಮೈದ ಚೊಂಬನ್ನು ಎತ್ತಿಕೊಂಡು, ಅದರೊಳಗಿನ ನೀರನ್ನೇ ನೋಡುತ್ತ ನಿಂತಿದ್ದ.

“ಯಾರು ಫೋನ್ನಾಗೆ, ಅಷ್ಟೊಂದ್ ಕೂಗ್ತಿದ್ದೋರು?” ಕೇಳಿದರು ಅತ್ತೆ, ತಿರುಗದೆಯೇ.

“ಹನೂರಿನವರು ಅತ್ತಮ್ಮ.”

“ಪಾಪ, ಹೊಟ್ಟೆ ಹಸ್ದಿರ್ತದೆ. ಉಂಡ್ರಾ ಅಂತ ಕೇಳ್ಬಾರ್ದಾ?”