ಮೊಮ್ಮಗಳ ಇಂಗ್ಲಿಷ್ ಟೇಪು, ನನ್ನ ಸಂಶಯ

ಮನ್ಯಾಗ ಒಂದು ಕೂಸು ಹತ್ತನೇತ್ತಾ ಪರೀಕ್ಷಾಕ್ಕ ಕುಂತ್ರ ಓದೋದು ಆ ಕೂಸು ಒಂದ, ನಗೆಪಾಟ್ಲಾಗೋದು ಮಾತ್ರ ಮನಿ ಮಂದಿ ಎಲ್ಲಾ. ನಮ್ಮ ಮನ್ಯಾಗಂತೂ ಆ ವರ್ಷ ಒಂದು ಮುಗಿಯೂದ್ರಾಗ ಇನ್ನೊಂದು ನಡೀತಿತ್ತು.

ನಾ ಯಾರು ಅಂತ ಗೋವಾದ ಚಿಂಬಲ್‌ದಾಗ ಯಾರನ್ನ ಕೇಳಿದ್ರೂ ಹೇಳ್ತಾರ. ಮೇಸ್ತ್ರಿ. ಪಣಜಿಯೊಳಗ ನಿಂತು ನಾಕೂ ಕಡೆ ನೋಡ್ರಿ, ನಾ ಕೈ ಹಚ್ಚದ ಬಿಲ್ಡಿಂಗ್ ಇದ್ರ ಅದು ಪೋರ್ಚುಗೀಸರ ಕಾಲದ್ದಿರಬೇಕು. ಸಾಲಿ ಎರಡನೇತ್ತಾಕ್ಕ ಬಿಟ್ನಿ. ಸಂಶಯ ಮಾತ್ರ ಇವತ್ತಿನ ತನಾ ಬಿಟ್ಟಿಲ್ಲ. ಸೈಟಿನ್ಯಾಗ ಎಲ್ಲಾರನ್ನೂ ನಂಬಿಕೊಂಡು ಕುಂತಾಂವ ಬುಟ್ಟಿ ಹೊರಕೋತನ ಮುದುಕ ಆಗತಾನ, ಮೇಸ್ತ್ರಿ ಆಗಾಂಗಿಲ್ಲ.

ನನ್ನ ಮೊಮ್ಮಗಳು ನಾಕನೇತ್ತಾ ತನಾ ಕನ್ನಡ ಸಾಲಿ ಕಲ್ತು, ಆಮ್ಯಾಲ ಇಂಗ್ಲಿಷ್ ಸಾಲಿಗಿ ಹೋದಾಕಿ. ಲೆಕ್ಕಾ ಚಲೋ, ವಿಜ್ಞಾನ ಚಲೋ, ಇಂಗ್ಲಿಷ್ ಬಂತಂದ್ರ ಮುಖ ಸಣ್ಣದು. ಆ ವರ್ಷ ಸಾಲಿಯವ್ರು ಹೊಸಾದೊಂದು ತಗದ್ರು. ಮಾಸ್ತರ ಟೇಪ್ ಹಚ್ಚತಾರಂತ, ಅದರಾಗ ಯಾರೋ ಇಂಗ್ಲಿಷ್ ಮಾತಾಡತಾರಂತ, ಅದನ್ನ ಕೇಳಿ ಉತ್ತರಾ ಬರೀಬೇಕಂತ. ಆಮ್ಯಾಲ ಒಂದು ಪಾಠ ಕೊಡತಾರಂತ, ಅದನ್ನ ಓದಿ ಉತ್ತರಾ ಬರೀಬೇಕಂತ. ಇವೆರಡರಾಗ ಮಾರ್ಕ್ಸ್ ಬಿತ್ತಂದ್ರ ಪಾಸು, ಇಲ್ಲಂದ್ರ ಇಲ್ಲ.

ನನ್ನ ಮಗ ಮೊದ್ಲ ಹೇಳಿಬಿಟ್ಟಿದ್ದ, ನಪಾಸಾದ್ರ ಕುಂಕಳ್ಳಿ ಫ್ಯಾಕ್ಟ್ರಿಗೆ ಹಚ್ಚತೇನಿ ಅಂತ. ಅಂವನ ತಂಗಿ, ಅಂದ್ರ ನನ್ನ ಮಗಳು, ಅಲ್ಲೇ ಕೆಲಸಾ ಮಾಡತಾಳ. ಸೂಪರ್ವೈಜರ್ ಕೂಡ ಮಾತಾಡಿನೂ ಇಟ್ಟಿದ್ಲು. ಹುಡುಗಿಗಿ ಮುಂದ ಓದಿ ನರ್ಸ್ ಆಗೋದಿತ್ತು. ನನಗಂತೂ ಅಕಿ ಪಾಸಾಗಲೇಬೇಕಾಗಿತ್ತು, ಯಾಕಂದ್ರ ಪಾಸಾಗತಾಳ ಅಂತ ಇಡೀ ಚಿಂಬಲ್‌ಗೆ ಹೇಳಿಬಿಟ್ಟಿದ್ನಿ.

ಪರದೆ ಹಿಂದಿನ ಗಂಡಸು

ನಮ್ಮದು ಒಂದ ಖೋಲಿ, ನಡುವ ಒಂದು ಪರದೆ ಕಟ್ಟಿ ಎರಡು ಮಾಡೇವಿ. ಒಂದಿನ ಮಧ್ಯಾಹ್ನ ಊಟಕ್ಕ ಬಂದ್ನಿ. ಮನ್ಯಾಕಿ ನಳಕ್ಕ ಹೋಗಿದ್ಲು. ಪರದೆ ಹಿಂದ ಗಂಡಸಿನ ದನಿ. ಮೆತ್ತಗ, ಬೆಣ್ಣಿ ಹಚ್ಚಿದಾಂಗ, ಇಂಗ್ಲಿಷ್ ಮಾತಾಡಾಕತ್ತೈತಿ.

ನನ್ನ ರಕ್ತ ಕುದೀತು. ಮೂಲ್ಯಾಗಿದ್ದ ಸಲಿಕಿ ಕೈಗೆ ತಗೊಂಡು, ಯಾವನಲೇ ಅಂವ, ಹೊರಗ ಬಾ ಅಂತ ಒದರಿದ್ನಿ. ಅಂವ ಮಾತಾಡೋದು ಬಿಡವಲ್ಲ. ಹಿಂದಿಯೊಳಗ ಬೈದ್ನಿ, ಕೊಂಕಣಿಯೊಳಗ ಬೈದ್ನಿ. ಅಂವ ದನಿ ಏರಿಸವಲ್ಲ, ಇಳಿಸವಲ್ಲ. ನಾ ಬೈಯಾಕತ್ತೇನಿ ಅಂದ್ರ ಇಂಜಿನೇರನೂ ಬೀಡಿ ಆರಿಸಿ ನಿಲ್ಲತಿದ್ದ, ಇಂವ ಯಾರಪಾ ಇಂಥಾ ಗಟ್ಟಿ ಗುಂಡಿಗಿಯಾಂವ ಅಂತ ಪರದೆ ಕಿತ್ತು ಒಗದ್ನಿ.

ಹುಡುಗಿ ಒಬ್ಬಾಕೀನ ಕುಂತಾಳ. ಮುಂದ ಟೇಪು, ಕೈಯಾಗ ಪೆನ್ಸಿಲ್. ಅಜ್ಜಾ, ಈಗ ಮತ್ತ ಮೊದಲಿಂದ ಹಚ್ಚಬೇಕು ನೋಡು ಅಂತ ಸಿಟ್ಟಾದ್ಲು.

ಸಲಿಕಿ ಕೆಳಗಿಟ್ಟು, ಇಂವ ಯಾರು, ಏನಂತಾನ ಅಂತ ಕೇಳಿದ್ನಿ. ರೈಲ್ವೆ ಸ್ಟೇಷನ್ನಿನ್ಯಾಗ ಚೀಲಾ ಕಳಕೊಂಡಾನಂತ, ಅಲ್ಲಿ ಕುಂತ ಹೆಣ್ಮಗಳಿಗಿ ಚೀಲದ ಬಣ್ಣ ಹೇಳಾಕತ್ತಾನಂತ. ಮತ್ತೊಮ್ಮೆ ಹಚ್ಚು ಅಂದ್ನಿ. ಪೂರಾ ಕೇಳಿದ್ನಿ. ಅಳೂದಿಲ್ಲ, ಬೈಯೂದಿಲ್ಲ, ಎದಿ ಬಡಕೊಳ್ಳೂದಿಲ್ಲ, ನಡು ನಡುವ ಥ್ಯಾಂಕ್ಯೂ ಅಂತಾನ.

"ಯವ್ವಾ, ಒಂದು ಮಾತು ಬರಕೋ," ಅಂದ್ನಿ. "ಆ ಚೀಲಾ ಇಂವಂದಲ್ಲ."

ಅದ ಉಸುಕು, ಎರಡು ಲಾರಿ

ಆಮ್ಯಾಲ ಟ್ಯೂಷನ್ ಹಚ್ಚಿದಿವಿ. ಮಾಸ್ತರ ನಮ್ಮ ಕಡಿಯಾಂವನ, ಧಾರವಾಡದಾಂವ, ಸಣ್ಣ ವಯಸ್ಸು. ಏನು ಕಲಸತಾನ ಅಂತ ಹುಡುಗಿಗಿ ಕೇಳಿದ್ರ, ಟೇಪ್ ಹಚ್ಚಿ ಸುಮ್ನ ಕುಂದರತಾರ ಅಜ್ಜಾ ಅಂದ್ಲು. ಮಾತಾಡದ ಮಾಸ್ತರನ್ನ ನಾ ಎಲ್ಲೂ ನೋಡಿದ್ದಿಲ್ಲ. ಮರುದಿನ ಹೋಗಿ ಹಿಂದಿನ ಬಾಕಿನ ಮ್ಯಾಲ ಕುಂತ್ನಿ.

ಮಾಸ್ತರ ಟೇಪ್ ಹಚ್ಚಿದ. ಹುಡುಗ್ರು ಬರಕೊಂಡ್ರು. ಮುಗೀತು. ಮುಗದ ಮ್ಯಾಲ ಇಂವ ಏನ್ ಮಾಡಿದ, ಗುಂಡಿ ಒತ್ತಿ ಟೇಪ್ ಹಿಂದಕ್ಕ ತಿರಿವಿ ಅದನ್ನ ಮತ್ತ ಹಚ್ಚಿದ.

ನನಗ ತಿಳೀತು. ಸೈಟಿನ್ಯಾಗ ಉಸುಕಿನ ಲಾರಿಯವ್ರು ಹಿಂಗ ಮಾಡತಾರ. ಮುಂದಿನ ಗೇಟಿನ್ಯಾಗ ಲಾರಿ ತೋರಿಸಿ ಬರಸತಾರ, ಹಿಂದಿನ ಗೇಟಿನಿಂದ ಹೊರಗ ಹೋಗಿ ಒಂದು ಸುತ್ತು ಹೊಡದು ಮತ್ತ ಮುಂದಿನ ಗೇಟಿಗಿ ಬರತಾರ. ಉಸುಕು ಅದ, ಲೆಕ್ಕದಾಗ ಎರಡು ಲಾರಿ.

ಎದ್ದು ನಿಂತು, ಮಾಸ್ತರ, ಈ ಉಸುಕು ಆಗಲೇ ಬಂದು ಹೋಗೇತಿ ಅಂದ್ನಿ. ಹುಡುಗ್ರೆಲ್ಲಾ ತಿರಗಿ ನೋಡಿದ್ರು. ನನ್ನ ಮೊಮ್ಮಗಳು ಪುಸ್ತಕದಾಗ ಮುಖ ಮುಚ್ಚಿಕೊಂಡ್ಲು.

ಮಾಸ್ತರ ಭಾಳ ಮರ್ಯಾದಿಯಿಂದನ ಹೇಳಿದ, "ಅಜ್ಜಾರ, ಖರೇ ಪರೀಕ್ಷಾದಾಗೂ ಎರಡು ಸಲನ ಹಚ್ಚತಾರ್ರಿ. ಅದು ನಿಯಮ ಐತ್ರಿ."

ಹಂಗಾರ ಈ ಧಂದೆ ಮ್ಯಾಲಿಂದನ ನಡದೈತಿ ಅಂದ್ನಿ. ಅಂವ, ನಿಮ್ಮಂಥಾ ಹುಷಾರಿ ಮನಷ್ಯಾ ಇಲ್ಲಿ ಬೇಕಾಗಿತ್ರಿ ಅಂತ ನನ್ನ ಕೈ ಹಿಡಕೊಂಡು ಕರಕೊಂಡು ಹೋಗಿ ಬಾಗಲಾ ಕಾಯಾಕ ಹಚ್ಚಿದ.

ಹೊರಗಿನಿಂದ.

ಕೈಗೆ ಸಿಗೂಹಂಗ ಇಟ್ಟ ಉತ್ತರಾ

ಕೇಳೋದು ಹಂಗಾತು, ಓದೋದು ಇನ್ನೂ ಮೋಸದ್ದು. ಒಂದಿನ ಹುಡುಗಿ ಪಾಠ ಓದಿ ನನಗ ಕನ್ನಡದಾಗ ಹೇಳಿದ್ಲು. ಒಬ್ಬ ಮುದುಕಿ ಅದಾಳಂತ, ಅಕಿ ಒಂದು ಆಡು ಸಾಕ್ಯಾಳಂತ, ಆಡಿನ ಬಣ್ಣ ಕಂದಂತ. ಕೆಳಗ ಪ್ರಶ್ನಾ, ಮುದುಕಿ ಏನ್ ಸಾಕಿದ್ಲು? ಅದರ ಬಣ್ಣ ಯಾವುದು?

ಎಲ್ಲಾ ಮ್ಯಾಲೇನ ಬರದಾರಲ್ಲ, ಮತ್ಯಾಕ ಕೇಳತಾರ ಅಂದ್ನಿ. ಮ್ಯಾಲ ನೋಡಿನ ಬರಿಯೋದು ಅಜ್ಜಾ ಅಂದ್ಲು.

ಇಂಥಾದ್ದು ನಾ ಭಾಳ ಕಂಡೇನಿ. ಹೊಸಾ ಆಳು ಬಂದ್ರ ಇಂಜಿನೇರ ಗಿಲಾವ್ ಹಚ್ಚೂ ಒಂದು ಚಲೋ ಥಾಪಿ ಗ್ವಾಡಿ ಮ್ಯಾಲ ಮರತಾಂಗ ಮಾಡಿ ಇಟ್ಟು ಹೋಗತಿದ್ದ. ಮುಟ್ಟಿದಾಂವ ಸಂಜಿಗಿ ಮನಿಗಿ. ಇದೂ ಹಂಗ. ಉತ್ತರಾ ಕೈಗೆ ಸಿಗೂಹಂಗ ಇಟ್ಟು ಯಾರು ಕದೀತಾರ ನೋಡಾಕತ್ತಾರ, ನೀ ಮುಟ್ಟಬ್ಯಾಡ ಅಂದ್ನಿ. ಅಕಿ ನಕ್ಕು ಬರಕೊಂಡು ಹೋದ್ಲು.

ನಮ್ಮಾಕಿ ಕೇಳಲಿಲ್ಲ, ಅಕಿ ಗೆಳತಿ ಕೇಳಿದ್ಲು. ಮಗ್ಗಲ ಮನಿ ಲಾರಿ ಡ್ರೈವರ್ ಚಾಚಾನ ಮಗಳು. ಪಾಪ, ಹಿರಿಯಾರ ಮಾತು ಅಂದ್ರ ಭಾಳ ಗೌರವ ಅಕಿಗೆ. ಸಾಲಿ ಪರೀಕ್ಷಾದಾಗ ಅಕಿಗೆ ಸೊನ್ನಿ ಬಂತು. ಅವರವ್ವ ಪೇಪರ್ ಹಿಡಕೊಂಡು ನಮ್ಮ ಬಾಗಲಿಗಿ ಬಂದ್ಲು. ಅದರಾಗ ಪ್ರತಿ ಪ್ರಶ್ನಾಕ್ಕೂ ಹುಡುಗಿ ಒಂದ ಉತ್ತರಾ ಬರದಿದ್ಲಂತ, ನನಗ ಗೊತ್ತೈತಿ, ಆದ್ರ ನಾ ಮುಟ್ಟಾಂಗಿಲ್ಲ ಅಂತ.

"ಮೇಸ್ತ್ರಿ ಮಾಮಾ, ನನ್ನ ಬೇಟಿಗೆ ಏನ್ ಕಲಸೀರಿ ನೀವು?" ಅಂದ್ಲು.

ಪೇಪರ್ ಇಸಗೊಂಡು ಮ್ಯಾಲ ಕೆಳಗ ನೋಡಿದ್ನಿ. ಆಮ್ಯಾಲ ಹೇಳಿದ್ನಿ, ತಂಗಿ, ಇದಕ್ಕ ಗಾಜಿನ ಕಟ್ಟು ಹಾಕಿಸಿ ಗ್ವಾಡಿಗಿ ಹಚ್ಚು. ಕದೀಲಾರದ ತಗೊಂಡ ಸೊನ್ನಿ ಈ ಓಣ್ಯಾಗ ಬ್ಯಾರೆ ಯಾರ ಮನ್ಯಾಗೂ ಇಲ್ಲ.

ಅಕಿ ಆ ತಿಂಗಳು ನಮ್ಮ ಮನಿಗಿ ಮಜ್ಜಿಗಿ ಕೊಡಲಿಲ್ಲ.

ನನ್ನ ಮಣ್ಣಿಗಿ ಬಂದ ಮಂದಿ

ಕೇಳೋ ಪರೀಕ್ಷಾ ಸೋಮವಾರ ಇತ್ತು. ಹಿಂದಿನ ದಿನ ಐತವಾರ ಮುಂಜಾನೆ ಹುಡುಗಿ ಅಳಾಕತ್ಲು. ಮಾಸ್ತರ ಕೊಟ್ಟ ಕಡೀ ಟೇಪಿನ ದನಿ ಭಾಳ ಸಣ್ಣದು, ಓಣ್ಯಾಗ ಕುಕ್ಕರಿನ ಸಿಳ್ಳಿ, ಪಂಪ್ ಸ್ಟೋವಿನ ಸಪ್ಪಳ, ಹುಡುಗ್ರ ಕ್ರಿಕೆಟ್ಟು, ಒಂದು ಅಕ್ಷರ ಕೇಳವಲ್ದು.

"ಎಲ್ಲಾದಕ್ಕಿಂತ ನಿನ್ನ ದನೀನ ದೊಡ್ಡದು ಅಜ್ಜಾ," ಅಂದ್ಲು. "ನಾಳೆ ನಪಾಸಾದ್ರ ನಾ ಕುಂಕಳ್ಳಿಗಿ ಹೋಗೂದ."

ಎದಿಗಿ ನಾಟಿತು. ಹೊರಗ ಹೋಗಿ ಒಂದ ಸಲ ಒದರಿದ್ನಿ, ಇವತ್ತು ಈ ಓಣ್ಯಾಗ ಸ್ಟೋವ್ ಹೊತ್ತಂಗಿಲ್ಲ, ಬಾಯಿ ತಗಿಯಂಗಿಲ್ಲ ಅಂತ. ನನ್ನ ಮಾತು ಮೀರೂದು ಯಾರಿಗಾಗತೈತಿ. ಹೆಣ್ಮಕ್ಕಳು ಬಾಯಿಗಿ ಸೆರಗು ಹಿಡಕೊಂಡು ಬಾಗಲದಾಗ ನಿಂತ್ರು. ಗಂಡಸ್ರಿಗಿ ನಮ್ಮ ಮನಿ ಮುಂದ ಚಾಪಿ ಹಾಸಿ ಕುಂದರಿಸಿದ್ನಿ, ಕಣ್ಣಮುಂದ ಇದ್ರ ಗದ್ದಲಾ ಮಾಡಾಂಗಿಲ್ಲ ಅಂತ. ಬಿಸಲಿಗಿ ಎಲ್ಲಾರೂ ತಲಿಮ್ಯಾಲ ಟಾವೆಲ್ ಹಾಕ್ಕೊಂಡ್ರು. ಮನ್ಯಾಕಿನ್ನ ಸಂಜಿತನಾ ಗುಡಿಗಿ ಕಳಿಸಿದ್ನಿ. ಮಗ ಸ್ಲ್ಯಾಬ್ ಕೆಲಸಕ್ಕ ಹೋಗಿದ್ದ.

ಇನ್ನ ಉಳದಾಂವ ನಾನು. ನನಗ ಮನಷ್ಯಾರ ಮುಖ ಕಂಡ್ರ ಬಾಯಿ ತಾನ ನಡೀತೈತಿ. ಅದಕ್ಕ ಒಳಗ ಬಂದು ಅಂಗಾತ ಮಲಗಿ, ಮುಖ ಕಾಣಬಾರದು ಅಂತ ಬಿಳೇ ಧೋತ್ರ ತಲಿತನಾ ಹೊದಕೊಂಡ್ನಿ. ಹಂಗ ನಿದ್ದಿ ಹತ್ತಿತು.

ಅದ ಹೊತ್ತಿಗಿ ಚಾಚಾ ಲಾರಿ ಟ್ರಿಪ್ ಮುಗಿಸಿ ಓಣಿಗಿ ಬಂದ. ನೋಡತಾನ, ಯಾರ ಮನ್ಯಾಗೂ ಒಲಿ ಹೊತ್ತಿಲ್ಲ. ಗಂಡಸ್ರು ತಲಿಮ್ಯಾಲ ವಸ್ತ್ರ ಹಾಕ್ಕೊಂಡು ಕುಂತಾರ. ಹೆಂಗಸ್ರು ಬಾಯಿಗಿ ಸೆರಗು. ಒಳಗ ಒಬ್ಬಾಂವನ್ನ ಬಿಳೇ ಅರಬಿ ಮುಚ್ಚಿ ಮಲಗಿಸ್ಯಾರ. ಇಂಥಾದ್ರಾಗ ಏನಾತು ಅಂತ ನಮ್ಮ ಕಡೆ ಯಾರೂ ಕೇಳಾಂಗಿಲ್ಲ, ಕೇಳಿದ್ರ ತಪ್ಪು. ಚಾಚಾ ಕಣ್ಣೀರು ಒರಸಿಕೊಂಡು ನೆಟ್ಟಗ ಎಸ್‌ಟಿಡಿ ಬೂತಿಗಿ ಹೋಗಿ ಫೋಂಡಾದ ನನ್ನ ಹೆಂಡ್ತಿ ಅಣ್ಣಗೂ, ಕುಂಕಳ್ಳಿ ನನ್ನ ಮಗಳಿಗೂ ಫೋನ್ ಹಚ್ಚಿದ. ಆಮ್ಯಾಲ ಅಂವನ್ನ ಹಿಡದು ಕೇಳಿದ್ನಿ, ನೋಡದ ಕೇಳದ ಹ್ಯಾಂಗ ಹೇಳಿದಿ ಅಂತ. "ನಿಮ್ಮ ದನಿ ಬರಲಿಲ್ಲ ಮೇಸ್ತ್ರಿ," ಅಂದ. "ಜೀವ ಇದ್ರ ದನಿ ಬರಬೇಕಲ್ಲ."

ಊಟದ ಹೊತ್ತು ದಾಟಿತ್ತು ಕಾಣಸತೈತಿ, ಅಳೂ ಸಪ್ಪಳಕ್ಕ ಎಚ್ಚರಾತು. ಓಣ್ಯಾಗ ಯಾರೋ ಸತ್ತಾರ, ಇವತ್ತ ಸಾಯಬೇಕಾಗಿತ್ತೇನು ಅಂತ ಸಿಟ್ಟು ಬಂತು. ಅಷ್ಟ್ರಾಗ, ಯಪ್ಪಾ ನನ್ನ ಬಿಟ್ಟು ಹೆಂಗ ಹ್ವಾದ್ಯೋ ಅಂತ ಹಾಡ್ಯಾಡಿ ಅಳೋದು ಕೇಳಿಸ್ತು. ದನಿ ನನ್ನ ಮಗಳದು. ಹಿಂದ ಭಜನಿ ತಾಳ. ಸಾವಿನ ಮನ್ಯಾಗ ಒಲಿ ಹಚ್ಚೂದಿಲ್ಲಂತ ರೊಟ್ಟಿ ಝುಣಕಾನೂ ಹೊತಗೊಂಡು ಬಂದಾರ, ವಾಸನಿ ಬರಾಕತ್ತೈತಿ. ಹೊರಗ ಕುಂತ ಗಂಡಸ್ರಿಗಿ ಬಾಯಿ ತಗೀಬ್ಯಾಡ್ರಿ ಅಂದಿದ್ನಲ್ಲ, ಅವ್ರು ಹೆದರಿ ಬಾಯಿಮ್ಯಾಲ ಬೆರಳಿಟ್ಟು ಕೈ ಮಾಡಿ ಒಳಗ ತೋರಿಸ್ಯಾರಂತ.

ಏಳಬೇಕಂದ್ನಿ. ಆದ್ರ ಒಂದು ವಿಚಾರ ಬಂತು. ಎದುರಿಗಿ ಎಲ್ಲಾರೂ ಹೌದ್ರಿ ಹೌದ್ರಿ ಅಂತಾರ, ಹಿಂದ ಏನಂತಾರ ಅನ್ನೋದು ಇವತ್ತ ತಿಳೀಲಿ ಅಂತ ಉಸರು ಬಿಗಿಹಿಡದು ಮಲಗಿದ್ನಿ.

ನನ್ನ ಮಗಳು ಪರದೆ ಹಿಂದ ಹೋಗಿ, ನಿನ್ನ ಅಜ್ಜ ಹ್ವಾದ ನನ್ನ ಕೂಸ ಅಂತ ಹುಡುಗಿನ್ನ ಅಪ್ಪಿಕೊಂಡ್ಲು. "ಅತ್ತಿ, ತಡಿ, ಇನ್ನ ಎರಡ ಪ್ರಶ್ನಾ ಅದಾವ," ಅಂದ್ಲು ಹುಡುಗಿ. ಟೇಪ್ ನಡದ ಇತ್ತು. ಮಂದಿ ಗುಸುಗುಸು ಅನ್ನಾಕತ್ತಿದ್ರು, ಎಂಥಾ ಕಲ್ಲೆದಿ ಹುಡುಗಿ ಅಂತ.

ಈ ಕಡೆ ಫೋಂಡಾದ ಭಾವ, ನನ್ನ ಹೆಂಡ್ತಿ ಅಣ್ಣ, ತಲಿಕಡೆ ಕುಂತು ಶುರು ಮಾಡಿದ. ಎಂಥಾ ಮೆತ್ತನ್ನ ಮನಷ್ಯಾ, ಅಂದ. ಒಬ್ರಿಗಿ ಏರು ದನೀಲೆ ಮಾತಾಡಿದಾಂವ ಅಲ್ಲ, ಅಂದ. ಯಾರ ಮ್ಯಾಲೂ ಸಂಶಯ ಪಟ್ಟಾಂವ ಅಲ್ಲ, ಕೊಟ್ಟಷ್ಟು ಉಂಡು ಸುಮ್ನ ಇರತಿದ್ದ, ಅಂದ. ಎಲ್ಲಾರೂ ಹೌದು ಹೌದು ಅಂದ್ರು.

ಕೇಳಿಕೋತ ಕೇಳಿಕೋತ ನನಗ ಖಾತ್ರಿ ಆತು, ಇವ್ರು ಅಳಾಕತ್ತಿದ್ದು ನನಗಲ್ಲ. ಬ್ಯಾರೆ ಯಾರದೋ ಹೆಣಕ್ಕ ಬಂದಾವ್ರು ಮನಿ ತಪ್ಪಿ ಇಲ್ಲಿ ಹೊಕ್ಕಾರ. ಧೋತ್ರ ಸರಿಸಿ ಎದ್ದು ಕುಂತು, "ನೀವು ಯಾರ ಮನಿಗಿ ಹೋಗಬೇಕಾಗಿತ್ರಿ?" ಅಂತ ಕೇಳಿದ್ನಿ.

ಹಾರ್ಮೋನಿಯಂ ಅಲ್ಲೇ ಬಿತ್ತು. ಭಜನಿಯವ್ರು ಚಪ್ಪಲಿ ಬಿಟ್ಟು ಓಡಿದ್ರು. ಭಾವ ಚಾಪಿಗಿ ಕಾಲು ಸಿಕ್ಕು ಬಿದ್ದು, ಬಿದ್ದಲ್ಲೇ ಕೈಮುಗದ. ಆ ಗದ್ದಲದಾಗ ಹುಡುಗಿ ಪರದೆ ಸರಿಸಿ ಹೊರಗ ಬಂದು, ಅಜ್ಜಾ, ಒಂದೂ ತಪ್ಪಿಲ್ಲ ಅಂದ್ಲು.

ಸಾವಿನ ಮನಿಗಿ ತಂದ ರೊಟ್ಟಿ ತಿರಗಿ ಒಯ್ಯಾಂಗಿಲ್ಲ. ಓಡಿದಾವ್ರನ್ನೆಲ್ಲಾ ಕರಿಸಿ ಕುಂದರಿಸಿ ಊಟಕ್ಕ ಹಾಕಿದಿವಿ. ನಿನ್ನ ಸಾವಿನ ರೊಟ್ಟಿ ನೀ ತಿನ್ನಬಾರದು ಅಂದ್ರು ಮಂದಿ. ನಾ ಎಲ್ಲಾರಕ್ಕಿಂತ ಹೆಚ್ಚಿಗಿ ತಿಂದ್ನಿ. ನನ್ನ ಮಗಳು ಉಣಕೋತ, ಸುದ್ದಿ ಕೇಳಿ ಕೆಲಸದಿಂದ ಓಡಿಬಂದಿದ್ದ ತನ್ನ ಅಣ್ಣಗ ಹೇಳಿದ್ಲು, ಹೆಣಾ ಎದ್ದು ಕುಂತ್ರೂ ಪೆನ್ಸಿಲ್ ಕೆಳಗಿಡದಾಕಿ ಇಕಿ, ಇಕಿನ್ನ ಫ್ಯಾಕ್ಟ್ರಿಗೆ ಒಯ್ದು ನಾ ಏನ್ ಮಾಡ್ಲಿ ಅಂತ. ಮೊದ್ಲ ಪಾಸಾಗಲಿ ಅಂದ ಅಂವ.

ಮರುದಿನ ಪರೀಕ್ಷಾ ನಡದಾಗ ಸಾಲಿ ಹಿಂದ ಯಾರೋ ಬೋರ್ ಹೊಡಸಾಕತ್ತಿದ್ರಂತ. ಉಳದ ಹುಡುಗ್ರು ಏನೂ ಕೇಳವಲ್ದ್ರಿ ಅಂತ ಎದ್ದು ನಿಂತ್ರಂತ. ನಮ್ಮಾಕಿ ತಲಿ ಎತ್ತಲಾರದ ಬರಕೋತ ಕುಂತಿದ್ಲಂತ.

ರಿಸಲ್ಟ್ ಬಂದ ದಿನ ಹುಡುಗಿ ಪಾಸು, ಇಂಗ್ಲಿಷಿನ್ಯಾಗೂ ಪಾಸು. ನನ್ನ ಮಗ ಕಾಲೇಜಿನ ಫಾರ್ಮ್ ತಂದುಕೊಟ್ಟ. ನಾ ಬೂತಿಗಿ ಹೋಗಿ ಫೋಂಡಾದ ಭಾವಗ ಫೋನ್ ಹಚ್ಚಿ, ಮೊಮ್ಮಗಳು ಪಾಸಾಗ್ಯಾಳ, ಪೇಡೆ ತಿನ್ನಾಕ ಬರ್ರಿ ಅಂದ್ನಿ.

ಆ ಕಡೆಯಿಂದ ಅಂವ ಅಂದ, "ಹ್ವಾದ ಸಲ ಸತ್ತೀರಿ ಅಂತ ರೊಟ್ಟಿ ಬಡಿಸ್ಕೊಂಡು ಬಂದ್ರ ಎದ್ದು ಕುಂತ್ರಿ. ಈಗ ಪಾಸು ಅಂತೀರಿ. ಮಾರ್ಕ್ಸ್ ಕಾರ್ಡ್ ಕಣ್ಣಿಲೆ ನೋಡಿದ ಮ್ಯಾಲ ಬರತೇನ್ರಿ."

ಖರೇ ಹೇಳ್ತೇನಿ, ನನ್ನ ಹೆಂಡ್ತಿ ತವರುಮನ್ಯಾಗ ಒಬ್ಬನಾದ್ರೂ ಶ್ಯಾಣ್ಯಾ ಅದಾನ ಅಂತ ನನಗ ಗೊತ್ತಾದದ್ದು ಅವತ್ತ.