ಬೋರ್ಡು ಓದಿ ಒಳಗೆ ಬಂದವರ ಕುರಿತು ಫ್ಲೂ ಜ್ವರಕ್ಕೊಂದು ದೂರು

ಮಾನ್ಯ ಫ್ಲೂ ಮಹಾಶಯರೇ,

ದೇಶದೇಶ ಸುತ್ತಿ, ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ, ಹುನಗುಂದದಲ್ಲಿ ನಾಲ್ಕು ಮನೆ ಮಲಗಿಸಿ, ಇಳಕಲ್ಲಿನ ನಮ್ಮ ಓಣಿಯವರೆಗೂ ದಯಮಾಡಿಸಿದ ತಮಗೆ ಸೀನುತ್ತಲೇ ಒಂದು ನಮಸ್ಕಾರ.

ತಾವು ಬರುವ ಸುದ್ದಿ ಕೇಳಿದಂದೇ ನಾವು ಸಜ್ಜಾಗಿದ್ದೆವು. ಬಚ್ಚಲಲ್ಲಿ ಸಾಬೂನು, ಗೂಟಕ್ಕೆ ಮಾಸ್ಕು, ಡಬ್ಬಿಯಲ್ಲಿ ಗುಳಿಗೆ. ಲಸಿಕೆ ಇನ್ನೂ ದವಾಖಾನೆ ಮುಟ್ಟಿರಲಿಲ್ಲ. ಎಪ್ಪತ್ತಾರರ ನಮ್ಮವ್ವ ಸಾವಿತ್ರೆವ್ವನಿಗೋ ದಮ್ಮಿನ ಬೇನೆ. ಆದ್ದರಿಂದ ಜ್ವರ ಬಂದವರು ಹೊರಗಿನ ಖೋಲಿ, ಅವ್ವ ಒಳಗಿನ ಖೋಲಿ ಎಂದು ಮೊದಲೇ ಠರಾಯಿಸಿದ್ದೆವು. ಯಾರಿಗೆ ಬಂದರೂ ಸರಿ, ಅವ್ವನಿಗೆ ಮಾತ್ರ ತಾವು ತಾಗಕೂಡದು ಎಂಬುದೊಂದೇ ನಮ್ಮ ಬೇಡಿಕೆ.

ತಾವು ನನ್ನನ್ನು ಆರಿಸಿಕೊಂಡಿರಿ, ಸಂತೋಷ. ಪ್ರಾಸವಿಲ್ಲದೆ ಕಿರಾಣಿ ಚೀಟಿಯನ್ನೂ ಬರೆಯಲಾರದ ನಾನು ಬಾಗಿಲಿಗೊಂದು ಬೋರ್ಡು ಬರೆದು ತೂಗುಹಾಕಿಸಿದೆ:

ಒಳಗೆ ಜ್ವರ ಮಲಗಿದೆ,
ಹೊರಗೆ ನಿಮ್ಮ ಒಳಿತಿದೆ.

ತಪ್ಪಾದದ್ದು ಅಲ್ಲಿಯೇ. ಅಲ್ಲಿಯವರೆಗೆ ನನಗೆ ಜ್ವರವೆಂದು ಓಣಿಗೆ ಗೊತ್ತಿರಲಿಲ್ಲ. ಬೇನೆ ಬಿದ್ದವರನ್ನು ಮಾತಾಡಿಸಲು ಹೋಗದಿದ್ದರೆ ಸಾಯುವತನಕ ಮುನಿಸು ಎಂದು ನಂಬಿದ ನಮ್ಮ ಜನ, ಬೋರ್ಡು ಓದಿದವರೇ ಬಿಸ್ಕಿಟು, ಬಾಳೆಹಣ್ಣು ಹಿಡಿದು ಒಳಗೆ ಬಂದರು. ಎದುರುಮನೆಯ ಲಗಮವ್ವ ಮಾಸ್ಕನ್ನು ಗದ್ದಕ್ಕಿಳಿಸಿ, "ಮುಖಾ ಮುಚ್ಕೊಂಡ್ರ ನಾ ಬಂದಿದ್ದು ನಿನಗ ಹೆಂಗ್ ಗೊತ್ತಾಗಬೇಕೋ ತಮ್ಮಾ?" ಎಂದಳು. ಹಿಟ್ಟಿನ ಗಿರಣಿಯ ಶಾಬುದ್ದೀನ, "ಪ್ರಾಸ ಭಾಳ ಛಲೋ ಕೂಡೇತ್ರಿ, ಹೇಳಿ ಹೋಗೂಣಂತ ಬಂದ್ನಿ" ಎಂದು ನನ್ನ ಮಂಚದ ಮೇಲೆಯೇ ಕುಳಿತ. ನನ್ನನ್ನು ಮಾತಾಡಿಸಿದವರೆಲ್ಲ ಮರ್ಯಾದೆಗೆಂದು ಅವ್ವನ ಖೋಲಿಗೂ ನಡೆದರು. ತಡೆಯಹೋದ ನನ್ನ ಹೆಂಡತಿ ಬಸವೇಶ್ವರಿಗೆ ಅವ್ವನೇ ಗದರಿದಳು: "ಬರಬ್ಯಾಡ ಅನಬ್ಯಾಡವಾ, ನಾಳಿ ನಾ ಬಿದ್ರ ಯಾರ್ ಬರ್ತಾರ?"

ಮಾನ್ಯರೇ, ಒಬ್ಬರೇ ಬರುವ ತಮ್ಮನ್ನು ಸಾಬೂನು ಹಚ್ಚಿ ತೊಳೆದೇನು. ಬಿಸ್ಕಿಟಿನ ಜೊತೆ, ಪ್ರೀತಿಯ ಜೊತೆ ಬರುವ ತಮ್ಮನ್ನು ಹೇಗೆ ತಡೆಯಲಿ? ದಯಮಾಡಿ ಇನ್ನು ಮುಂದೆ ದೂರದಿಂದಲೇ ಕಾಣುವಂತೆ ಹಸಿರು ರುಮಾಲು ಸುತ್ತಿಕೊಂಡು ಬರಬೇಕು. ಅರವತ್ತು ದಾಟಿದವರ ಆಧಾರ ಕಾರ್ಡು ನೋಡಿ ಕೈಮುಗಿದು ಹಿಂದಿರುಗಬೇಕು.

ಅವ್ವ ಗದರಿದ ಮರುದಿನವೇ ಬಸವೇಶ್ವರಿ ಅವಳನ್ನು ಮೆಲ್ಲಗೆ ಮಾಳಿಗೆಗೆ ಹತ್ತಿಸಿ, ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ, ಕೆಳಗೆ ಬಾಗಿಲಿಗೆ ಕೀಲಿ ಜಡಿದಳು. ಬಂದವರು ಬೀದಿಯಲ್ಲೇ ನಿಂತು, "ಸಾವಿತ್ರೆವ್ವಾ, ಮಗಗ ಹೆಂಗೈತಿ?" ಎಂದು ಕೂಗಬೇಕಾಯಿತು. ಜನ ಸಿಟ್ಟಾದಾರೆಂದು ನಾನು ಹೆದರಿದ್ದೆ. ಆದರೆ ಒಳಗೆ ಬಂದರೆ ನಮಗಷ್ಟೇ ತಿಳಿಯುತ್ತಿದ್ದ ಭೇಟಿ ಈಗ ಇಡೀ ಓಣಿಗೆ ಕೇಳಿಸುತ್ತಿದ್ದುದರಿಂದ ಒಬ್ಬೊಬ್ಬರು ಎರಡೆರಡು ಸಲ ಬಂದು ಕೂಗಿಹೋದರು. ಹತ್ತು ದಿನ ಕಳೆಯಿತು. ನಾನು ಎದ್ದು ಕುಳಿತಿದ್ದೇನೆ, ಅವ್ವನಿಗೆ ಒಂದು ಸೀನೂ ಇಲ್ಲ. ಓಣಿಯವರ ಗಂಟಲು ಮಾತ್ರ ಬಿದ್ದಿದೆ. ಅದು ಕೂಗಿದ್ದರಿಂದ ಬಿದ್ದದ್ದು. ಅದರ ಕೀರ್ತಿಯನ್ನೂ ತಾವು ಹೊತ್ತುಕೊಳ್ಳಬಾರದೆಂದು ವಿನಂತಿ.

ಇಂತಿ, ಆರಡಿ ದೂರದಿಂದ
ತಮ್ಮ ವಿಶ್ವಾಸಿ,
ರಾಚಯ್ಯ, ಇಳಕಲ್

ತಾ.ಕ.: ಇಲ್ಲಿಂದ ತಾವು ಯಾರ ಮನೆಗೆ ಹೊರಟಿದ್ದೀರೆಂದು ದಯವಿಟ್ಟು ಯಾರಿಗೂ ತಿಳಿಸಬೇಡಿ. ತಿಳಿದರೆ, ಅವರನ್ನು ಮಾತಾಡಿಸಲು ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟುವವಳು ನಮ್ಮವ್ವನೇ.