ಲಿಫ್ಟಿನ ಕನ್ನಡಿಯೂ ದರ್ಜಿ ಅಧ್ಯಕ್ಷರೂ

“ಆ ಕನ್ನಡಿ ಇಳಿಯಲೇಬೇಕು ಅಧ್ಯಕ್ಷರೇ. ನೀವು ಮಾತು ಕೊಟ್ಟಿದ್ದೀರಿ.”

“ಕೊಟ್ಟಿದ್ದೀನಿ ಗಾರ್ಡ್ ಮಾವ.”

“ಕನ್ನಡಿ ಯಾರೂ ಮುಟ್ಟೋ ಹಾಗಿಲ್ಲ ಅಧ್ಯಕ್ಷರೇ. ನನಗೂ ಮಾತು ಕೊಟ್ಟಿದ್ದೀರಿ.”

“ನಿಮಗೂ ಕೊಟ್ಟಿದ್ದೀನಿ ಟೀಚರ್.”

ಲಿಫ್ಟು ಐದನೇ ಮಹಡಿಯಿಂದ ಇಳಿಯುತ್ತಿತ್ತು. ಒಳಗೆ ರೈಲ್ವೆಯಿಂದ ನಿವೃತ್ತರಾದ ಗಾರ್ಡ್ ಮಾವ, ಸಂಗೀತದ ಟೀಚರ್, ಇಬ್ಬರ ನಡುವೆ ಒತ್ತಿಕೊಂಡು ನಿಂತ ನಿವಾಸಿಗಳ ಸಂಘದ ಅಧ್ಯಕ್ಷರು. ಆಯುಷ್ಯದ ಬಹುಪಾಲು ದರ್ಜಿ ಅಂಗಡಿ ನಡೆಸಿದವರು ಅವರು. ಬಂದ ಗಿರಾಕಿಗೆಲ್ಲ ‘ನಾಳೆ ಬನ್ನಿ, ರೆಡಿ ಇರುತ್ತೆ’ ಎಂದು ಹೇಳಿ ರೂಢಿ. ಅಂಗಡಿ ಮುಚ್ಚಿದ ಸುದ್ದಿ ಅವರ ನಾಲಿಗೆಗೆ ಇನ್ನೂ ಮುಟ್ಟಿರಲಿಲ್ಲ. ಭಾನುವಾರ ಸಂಘದ ಚುನಾವಣೆ. ಅಧ್ಯಕ್ಷರಿಗೆ ಇನ್ನೊಂದು ಸಲ ಆ ಕುರ್ಚಿಯಲ್ಲಿ ಕೂರುವ ಆಸೆ. ಈ ಇಬ್ಬರು ಕೈ ಎತ್ತಿದರೆ, ಇವರ ಬಾಯಿಗೆ ಹೆದರಿ ಇಡೀ ಕಟ್ಟಡವೇ ಕೈ ಎತ್ತುತ್ತಿತ್ತು.

“ಕನ್ನಡಿ ನಿಮಗೇನು ಮಾಡ್ತು ಮಾವ?” ಟೀಚರ್ ಅದರಲ್ಲೇ ಕೂದಲು ಬಾಚಿಕೊಳ್ಳುತ್ತ ಕೇಳಿದರು.

“ನೀವು ಬಾಗಿಲಿಗೆ ಕಾಲು ಕೊಟ್ಕೊಂಡು ಜಡೆ ಹೆಣೀತೀರಿ, ನಾನು ಕೆಳಗೆ ಗುಂಡಿ ಒತ್ತಿ ಒತ್ತಿ ಬೆರಳು ಸವೆಸ್ಕೋತೀನಿ. ನಾನು ಹಸಿರು ಬಾವುಟ ತೋರಿಸಿದ್ರೆ ಇಡೀ ರೈಲು ಹೊರಡ್ತಿತ್ತು ಕಣಮ್ಮ. ಯಾವ ಬೋಗಿನೂ ‘ತಡೀರಿ, ಪೌಡರ್ ಹಚ್ಕೊಂಡು ಬರ್ತೀನಿ’ ಅಂದಿಲ್ಲ.”

“ನಿಮ್ಮ ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದು ಯಾರು ನೋಡಿದ್ದಾರೆ?”

“ಅದಿರಲಿ. ದಿನಾ ಲೈಬ್ರರಿಗೆ ಹೊರಟ್ರೆ ಆ ಕನ್ನಡಿಯೊಳಗೊಬ್ಬ ಮುದುಕ ನಿಂತು ನನ್ನನ್ನೇ ದುರುಗುಟ್ಟಿ ನೋಡ್ತಾನೆ.”

“ಪಾಪ, ಅವರಿಗೂ ಹಾಗೇ ಅನಿಸ್ತಿರಬೇಕು.”

ಲಿಫ್ಟು ಜರ್ ಎಂದು ಕುಲುಕಿ ಎರಡು ಮಹಡಿಗಳ ನಡುವೆ ನಿಂತಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಹನ್ನೊಂದು ಗಂಟೆ.

“ಏನಾಯ್ತು?” ಎಂದರು ಗಾರ್ಡ್ ಮಾವ.

“ಕರೆಂಟು ಹೋಯ್ತು,” ಎಂದರು ಅಧ್ಯಕ್ಷರು.

“ದೀಪ ಉರೀತಿದೆಯಲ್ಲ?”

“ಅದು... ಬೇರೆ ಕರೆಂಟು.”

ಗಾರ್ಡ್ ಮಾವ ಬಾಗಿಲು ಬಡಿದರು. “ಯಾರಯ್ಯಾ ಲಿಫ್ಟು ನಿಲ್ಲಿಸಿದ್ದು?”

“ನಾನೇ ಸಾರ್,” ಕೆಳಗಿನಿಂದ ವಾಚ್‌ಮನ್ ಕೂಗಿದ. “ಹನ್ನೊಂದಕ್ಕೆ ಲಿಫ್ಟು ನಿಲ್ಲಿಸಿ ಕನ್ನಡಿ ಬಿಚ್ಚು ಅಂತ ಅಧ್ಯಕ್ಷರು ಹೇಳಿದ್ರು.”

ಗಾರ್ಡ್ ಮಾವನ ಎದೆ ಉಬ್ಬಿತು. “ನೋಡಿದ್ರಾ ಟೀಚರಮ್ಮ? ಮಾತು ಅಂದ್ರೆ ಇದು.”

ಟೀಚರ್ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು.

“ಸಂಜೆ ಟೀಚರಮ್ಮ ಬರೋಷ್ಟರಲ್ಲಿ ವಾಪಸ್ ಹಾಕ್ತೀನಿ ಸಾರ್,” ವಾಚ್‌ಮನ್ ಮುಂದುವರಿಸಿದ. “ದಿನಾ ಹೀಗೇ ಮಾಡಬೇಕಂತೆ. ಅವರು ಓಡಾಡುವಾಗ ಇರಬೇಕು, ಗಾರ್ಡ್ ಸಾಹೇಬ್ರು ಓಡಾಡುವಾಗ ಇರಬಾರದು. ಇವತ್ತು ಟೀಚರಮ್ಮನೇ ಲೇಟಾಗಿ ಹೊರಟ್ರೆ ನಾನೇನು ಮಾಡ್ಲಿ?”

ಪಕ್ಕದಲ್ಲಿ ಇಬ್ಬರು, ಕನ್ನಡಿಯಲ್ಲಿ ಮತ್ತಿಬ್ಬರು. ಎತ್ತ ತಿರುಗಿದರೂ ತಮ್ಮನ್ನೇ ತಿನ್ನುವಂತೆ ನೋಡುವ ಕಣ್ಣುಗಳು. ಅಧ್ಯಕ್ಷರು ತಮ್ಮ ಚಪ್ಪಲಿಯನ್ನೇ ನೋಡಿಕೊಂಡರು.

“ಒಂದೇ ತುಂಡು ಬಟ್ಟೇಲಿ ಇಬ್ಬರಿಗೂ ರವಿಕೆ ಹೊಲಿಯೋಕೆ ಹೊರಟ್ರಾ ಅಧ್ಯಕ್ಷರೇ?” ಎಂದರು ಟೀಚರ್.

“ನನಗ್ಯಾಕಮ್ಮ ರವಿಕೆ?” ಎಂದರು ಗಾರ್ಡ್ ಮಾವ.

“ಸಾಕು,” ಅಧ್ಯಕ್ಷರ ತಾಳ್ಮೆ ಹರಿಯಿತು. “ನನಗೆ ಆ ಕುರ್ಚಿನೇ ಬೇಡ. ಭಾನುವಾರ ನಾನು ನಿಲ್ಲಲ್ಲ. ಯಾರು ಬೇಕಾದ್ರೂ ಆಗ್ಲಿ.”

ತಮ್ಮ ಬಾಯಿಂದ ‘ಬೇಡ’ ಎಂಬ ಮಾತು ಬಂದದ್ದು ಕೇಳಿ ಅವರೇ ಬೆಚ್ಚಿದರು.

ಗಾರ್ಡ್ ಮಾವ ಟೀಚರ್ ಕಡೆ ಬಾಗಿ ಪಿಸುಗುಟ್ಟಿದರು. “ಇವರು ಬಿಟ್ರೆ ಇನ್ಯಾರು?”

“ಎರಡನೇ ಮಹಡಿ ಹೆಡ್‌ಮಾಸ್ಟರು.”

“ಅಯ್ಯಯ್ಯೋ. ಅವನು ಮುಖಕ್ಕೆ ಹೊಡೆದ ಹಾಗೆ ‘ಆಗಲ್ಲ’ ಅಂತಾನೆ ಕಣಮ್ಮ.”

“ನನಗೂ ಹಾಗೇ ಅಂದಿದ್ದಾರೆ ಮಾವ.”

ಆ ಕಟ್ಟಡ ಎದ್ದು ನಿಂತ ಮೇಲೆ ಅವರಿಬ್ಬರು ಒಂದು ವಿಷಯಕ್ಕೆ ತಲೆಯಾಡಿಸಿದ್ದು ಅದೇ ಮೊದಲು.

“ಬೇಜಾರು ಮಾಡ್ಕೋಬೇಡಿ,” ಗಾರ್ಡ್ ಮಾವ ಅಧ್ಯಕ್ಷರ ಬೆನ್ನು ಸವರಿದರು. “ನೀವೇ ಇರಬೇಕು. ಇಬ್ಬರಿಗೂ ಹೂಂ ಅನ್ನೋ ಮನುಷ್ಯ ಇನ್ನೆಲ್ಲಿ ಸಿಗ್ತಾನೆ? ನಾವಿಬ್ಬರೂ ಕೈ ಎತ್ತುತ್ತೀವಿ.”

ಅಧ್ಯಕ್ಷರ ಮುಖ ಅರಳಿತು. ಕನ್ನಡಿಯಲ್ಲಿ ಕಾಲರು ಸರಿಮಾಡಿಕೊಂಡರು. “ಹಾಗಾದ್ರೆ ಈ ಕನ್ನಡಿ?”

“ಇಳಿಸಬೇಕು.”

“ಮುಟ್ಟಕೂಡದು.”

“ಆಯ್ತು. ನಾಳೆ ಬನ್ನಿ, ಎಲ್ಲಾ...”

“ರೀ, ಒಳಗಿದ್ದೀರಾ?” ಕೆಳಗಿನ ಮೆಟ್ಟಿಲಿನಿಂದ ಅಧ್ಯಕ್ಷರ ಹೆಂಡತಿಯ ದನಿ ಬಂತು.

“ಇದ್ದೀನಿ ಕಣೇ. ಬೇಗ ಸ್ವಿಚ್ ಹಾಕೋಕೆ ಹೇಳು ಆ ವಾಚ್‌ಮನ್‌ಗೆ.”

“ಅವನು ಹಾಕೋಕೆ ಹೊರಟಿದ್ದ. ನಾನೇ ತಡೆದೆ. ನನ್ನ ರವಿಕೆ ಬಟ್ಟೆ ನಿಮ್ಮ ಕೈಗೆ ಕೊಟ್ಟು ಎಷ್ಟು ವರ್ಷ ಆಯ್ತು?”

“ಅಯ್ಯೋ, ಅದಾ? ನಾಳೆ ಕೊಡ್ತೀನಿ ಕಣೇ.”

“ಹಾಗಾದ್ರೆ ಲಿಫ್ಟೂ ನಾಳೆನೇ. ರೆಡಿ ಇರುತ್ತೆ.”